ಮಲಯ ನಾಡಿನ ಝಾಪಿನ್: ಬಂದದ್ದು ನಮ್ಮದಾಗುವ ಬಗೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





‘ಪರಂಪರೆ ಮತ್ತು ಶಿಕ್ಷಣ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಟ್ರಸ್ಟಿನವರು ನಮಗೆ ಹೇಳಿ ಕಳುಹಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದವರು ನಾವು. ಪರಂಪರೆ ದೊಡ್ಡದು, ಶಿಕ್ಷಣ ಅಮೂಲ್ಯ ಎಂದು ಬರೀ ಹೇಳಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ ಎಂಬುದು ನಮಗೆ ಗೊತ್ತು. ಆದ್ದರಿಂದ ಒಂದೇ ಒಂದು ಉದಾಹರಣೆಯನ್ನು ಹಿಡಿದುಕೊಂಡು ಅದರ ಸುತ್ತ ಮಾತಾಡುತ್ತೇವೆ. ಆ ಉದಾಹರಣೆ ಕಡಲಿನ ಆಚೆಯದು. ಮಲೇಷ್ಯಾ, ಸಿಂಗಾಪುರ, ಇಂಡೋನೇಷ್ಯಾ ಮತ್ತು ಬ್ರೂನೈ ದೇಶಗಳಲ್ಲಿರುವ ಮಲಯ ಮುಸ್ಲಿಮರ ಒಂದು ಹಳೆಯ ನೃತ್ಯ. ಹೆಸರು ಝಾಪಿನ್.

ಟ್ರಸ್ಟಿನ ಸಭೆಯಲ್ಲಿ ನೃತ್ಯದ ಮಾತೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಹುಬ್ಬೇರಿಸಿರಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಇದು ಪ್ರವಾದಿಯವರ (ಸ) ಮೇಲಿನ ಸ್ತುತಿಗೀತೆಗಳ ಜೊತೆ ಬೆಳೆದ ಕಲೆ. ಸಲಾಮಿನಿಂದ ಆರಂಭವಾಗುವ ಕಲೆ. ಪುಸ್ತಕವಿಲ್ಲದೆ, ಹಿರಿಯರ ಬೆನ್ನ ಹಿಂದೆ ನಿಂತು ಕಲಿತದ್ದು. ಎಲ್ಲಿಂದಲೋ ಬಂದ ವಿದ್ಯೆಯೊಂದು ಒಂದು ಜನಾಂಗದ ಸ್ವಂತದ್ದು ಹೇಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ.

ಮೊದಲು ಭೂಪಟ ನೋಡೋಣ. ಅರಬಸ್ತಾನದ ದಕ್ಷಿಣದ ಅಂಚಿನಲ್ಲಿ, ಇಂದಿನ ಯಮನ್ ದೇಶದಲ್ಲಿ, ಹದ್ರಮೌತ್ ಎಂಬ ಕಣಿವೆ ನಾಡಿದೆ. ಸುತ್ತ ಬೋಳುಗುಡ್ಡ, ನಡುವೆ ಖರ್ಜೂರದ ತೋಟ, ಮಣ್ಣಿನ ಇಟ್ಟಿಗೆಯ ಎತ್ತರದ ಮನೆಗಳು. ತರೀಮ್, ಸೈಊನ್, ಶಿಬಾಮ್ ಅಲ್ಲಿಯ ಪ್ರಸಿದ್ಧ ಪಟ್ಟಣಗಳು. ತರೀಮ್ ಇಂದಿಗೂ ಧಾರ್ಮಿಕ ವಿದ್ಯೆಗೆ ಹೆಸರಾದ ಊರು. ಆದರೆ ಮಳೆ ಕಡಿಮೆ, ಬೆಳೆ ಕಡಿಮೆ, ಆಗಾಗ ಒಳಜಗಳ. ಹೊಟ್ಟೆಪಾಡಿಗಾಗಿ ಅಲ್ಲಿಯ ಗಂಡಸರು ಶತಮಾನಗಳಿಂದ ಕಡಲು ದಾಟುತ್ತ ಬಂದರು. ಪೂರ್ವ ಆಫ್ರಿಕಕ್ಕೆ ಹೋದರು, ಗುಜರಾತಿಗೆ ಬಂದರು, ನಮ್ಮ ಪಶ್ಚಿಮ ಕರಾವಳಿಗೆ ಬಂದರು, ಹೈದರಾಬಾದಿನ ನಿಜಾಮರ ಸೈನ್ಯಕ್ಕೆ ಸೇರಿದರು. ಇನ್ನೂ ಮುಂದೆ ಹೋದವರು ಸುಮಾತ್ರ, ಜಾವ, ಬೋರ್ನಿಯೊ ಮತ್ತು ಮಲಯ ಪರ್ಯಾಯ ದ್ವೀಪದಲ್ಲಿ ನೆಲೆ ನಿಂತರು. 18 ಮತ್ತು 19ನೆಯ ಶತಮಾನಗಳಲ್ಲಿ ಈ ವಲಸೆ ಹೆಚ್ಚಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಬೆ ಹಡಗುಗಳು ಓಡಾಡತೊಡಗಿದ ಮೇಲಂತೂ ಇನ್ನಷ್ಟು ಜನ ಹೊರಟರು.

ಹೋದವರು ಅಲ್ಲಿ ಏನಾದರು? ಕೆಲವರು ಬಟ್ಟೆ, ಸಾಂಬಾರ ಪದಾರ್ಥ, ಹಡಗಿನ ವ್ಯಾಪಾರ ಮಾಡಿದರು. ಕೆಲವರು ಕುರ್‌ಆನ್ ಕಲಿಸುವ ಗುರುಗಳಾದರು. ಕೆಲವರು ಅರಮನೆಯ ಬಂಧುಗಳೂ ಆದರು. ಬೋರ್ನಿಯೊದ ಪೊಂಟಿಯಾನಕ್ ಎಂಬ ಊರನ್ನು 1771ರಲ್ಲಿ ಕಟ್ಟಿದ ಶರೀಫ್ ಅಬ್ದುರ್ರಹ್ಮಾನ್ ಅಲ್‌ಖಾದ್ರಿ ಅವರ ತಂದೆ ಹದ್ರಮೌತಿನವರು. ಸುಮಾತ್ರದ ಸಿಯಾಕ್ ರಾಜ್ಯದಲ್ಲಿ 18ನೆಯ ಶತಮಾನದ ಕೊನೆಯಿಂದ ಆಳಿದ ಸುಲ್ತಾನರು ತಂದೆಯ ಕಡೆಯಿಂದ ಹದ್ರಮಿ ಸಯ್ಯಿದರು. ಸಿಂಗಾಪುರದ ಹಳೆಯ ಮಸೀದಿಯಾದ ಉಮರ್ ಕಂಪುಂಗ್ ಮಲಾಕ ಮಸೀದಿಯನ್ನು 1820ರಲ್ಲಿ ಕಟ್ಟಿಸಿದವರು ಹದ್ರಮಿ ವ್ಯಾಪಾರಿ ಸಯ್ಯಿದ್ ಉಮರ್ ಅಲ್‌ಜುನೈದ್.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ, ತಾಯಂದಿರು ವಿಶೇಷವಾಗಿ ಗಮನಿಸಬೇಕು. ಹದ್ರಮೌತಿನಿಂದ ಹಡಗು ಹತ್ತಿದವರು ಬಹುಪಾಲು ಗಂಡಸರೇ. ಅವರು ಹೋದಲ್ಲಿ ಮದುವೆಯಾದರು. ಮನೆಯಲ್ಲಿ ತಾಯಿ ಮಲಯ ಮಾತಾಡಿದಳು, ಅಜ್ಜಿ ಮಲಯ ಹಾಡು ಹಾಡಿದಳು. ಮಕ್ಕಳ ಹೆಸರು ಅರಬಿಯದು, ನಾಲಿಗೆ ಮಲಯದ್ದು. ನಮ್ಮ ಕರಾವಳಿಯಲ್ಲೂ ಹೀಗೇ ಅಲ್ಲವೇ? ಅರಬ್ ನಾವಿಕರೊಂದಿಗೆ ಹಳೆಯ ಸಂಬಂಧ ಹೇಳಿಕೊಳ್ಳುವ ಭಟ್ಕಳದ ನವಾಯತರು ಮನೆಯಲ್ಲಿ ಆಡುವುದು ಕೊಂಕಣಿಗೆ ಹತ್ತಿರವಾದ ನವಾಯತಿ. ಬ್ಯಾರಿಗಳು ಆಡುವುದು ಮಲಯಾಳ ಮತ್ತು ತುಳುವಿನ ಸೊಗಡಿರುವ ಬ್ಯಾರಿ ಭಾಷೆ. ಕಡಲ ದಾರಿಯಲ್ಲಿ ದೀನ್ ಬಂದು ನೆಲೆಸಿದ ಕಡೆಯಲ್ಲೆಲ್ಲ ತಾಯಂದಿರ ಭಾಷೆ ಉಳಿಯಿತು.

ಆ ಹದ್ರಮಿಗಳು ಮದುವೆ ಮತ್ತು ಹಬ್ಬದ ದಿನ ಒಂದು ನೃತ್ಯ ಮಾಡುತ್ತಿದ್ದರು. ಇಬ್ಬರು ಗಂಡಸರು ಜೋಡಿಯಾಗಿ, ಕುಳಿತ ವಾದ್ಯಗಾರರ ಮುಂದೆ ಹೆಜ್ಜೆ ಹಾಕುತ್ತ ಹೋಗಿ ಬರುತ್ತಿದ್ದರು. ಅದಕ್ಕೆ ಅವರ ಹೆಸರು ಝಫ್ನ್ ಅಥವಾ ಝಫೀನ್. ಈ ಅರಬಿ ಧಾತುವಿಗೆ ಹೆಜ್ಜೆ ಹಾಕಿ ಕುಣಿಯುವುದು ಎಂಬ ಅರ್ಥ. ಈದ್ ದಿನ ಅಬಿಸೀನಿಯದವರು ಮದೀನಾದ ಮಸೀದಿಯಲ್ಲಿ ಆಯುಧ ಹಿಡಿದು ಆಡಿದ್ದನ್ನು ಪ್ರವಾದಿಯವರು (ಸ) ನೋಡಿದರೆಂದೂ ಹಝ್ರತ್ ಆಯಿಶಾ (ರ) ಅವರಿಗೂ ನೋಡಲು ಅವಕಾಶ ಕೊಟ್ಟರೆಂದೂ ತಿಳಿಸುವ ಹದೀಸ್ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸಹೀಹ್ ಮುಸ್ಲಿಮ್‌ನ ವರದಿಯಲ್ಲಿ ಆ ಆಟಕ್ಕೆ ಬಳಸಿದ ಕ್ರಿಯಾಪದವೂ ಇದೇ ಧಾತುವಿನದು. ಅದರ ಅರ್ಥವ್ಯಾಪ್ತಿಯನ್ನು ವಿವರಿಸುವುದು ಉಲೆಮಾಗಳ ಕೆಲಸ. ನಾವು ಭಾಷೆ ಕಲಿಸಿದವರಾಗಿ ಒಂದು ಪದದ ಪ್ರಯಾಣವನ್ನಷ್ಟೇ ತೋರಿಸುತ್ತಿದ್ದೇವೆ.

ಮಲಯರ ಬಾಯಲ್ಲಿ ಝಫೀನ್ ಎಂಬುದು ಝಾಪಿನ್ ಆಯಿತು. ಬೋರ್ನಿಯೊದ ಕೆಲವು ಕಡೆ ಜಪಿನ್, ಇನ್ನು ಕೆಲವು ಕಡೆ ಜೆಪೆನ್ ಆಯಿತು. ದ್ವೀಪಕ್ಕೊಂದು ಹೆಸರು, ಹಳ್ಳಿಗೊಂದು ಹೆಜ್ಜೆ. ಸಿಂಗಾಪುರದ ಪಕ್ಕದಲ್ಲೇ ಇರುವ ಮಲೇಷ್ಯಾದ ಜೊಹೋರ್ ರಾಜ್ಯದಲ್ಲಿ ಮರ್ಸಿಂಗ್ ಕಡಲತೀರದ ಝಾಪಿನ್ ತೆಂಗ್ಲು, ಮೂಆರ್ ಕಡೆಯ ಝಾಪಿನ್ ಲೆಂಗಾ, ಬಾತು ಪಹಾತ್ ಕಡೆಯ ಝಾಪಿನ್ ಪಾರಿತ್ ಮಸ್ತಾರ್ ಎಂದು ಊರ ಹೆಸರಿನಿಂದಲೇ ಕರೆಯುತ್ತಾರೆ. ಇಂಡೋನೇಷ್ಯಾದ ರಿಯಾವು ಪ್ರಾಂತ್ಯದ ಬೆಂಕಾಲಿಸ್ ದ್ವೀಪದಲ್ಲಿ ಮೆಸ್ಕೊಮ್ ಎಂಬ ಹಳ್ಳಿಯ ಝಾಪಿನ್ ಬೇರೆಯೇ. ಅರಬ್ ಮನೆತನಗಳವರು ತಮ್ಮ ಹಳೆಯ ರೀತಿಯಲ್ಲೇ ಕುಣಿಯುವುದಕ್ಕೆ ಝಾಪಿನ್ ಅರಬ್ ಎಂದೂ, ಮಲಯರು ತಮ್ಮದಾಗಿಸಿಕೊಂಡದ್ದಕ್ಕೆ ಝಾಪಿನ್ ಮೆಲಾಯು ಎಂದೂ ಹೆಸರು. ಈ ಕಲೆಯ ಮೇಲೆ ದೀರ್ಘಕಾಲ ಅಧ್ಯಯನ ಮಾಡಿದ ಮಲೇಷ್ಯಾದ ವಿದ್ವಾಂಸ ಮುಹಮ್ಮದ್ ಅನಿಸ್ ಮುಹಮ್ಮದ್ ನೋರ್ ಅವರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬದಲಾವಣೆಯನ್ನು ವಿವರವಾಗಿ ಚರ್ಚಿಸಿದ್ದಾರೆ.

ಇನ್ನು ಪ್ರದರ್ಶನ ಹೇಗೆ ನಡೆಯುತ್ತದೆ ಎಂಬುದನ್ನು ಹೇಳುತ್ತೇವೆ. ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ.

ಮದುವೆ ಮನೆಯ ಅಂಗಳ, ಅಥವಾ ಮೌಲಿದ್ ಹಬ್ಬದ ರಾತ್ರಿ. ಒಂದು ಬದಿಯಲ್ಲಿ ವಾದ್ಯಗಾರರು ನೆಲದ ಮೇಲೆ ಚಾಪೆ ಹಾಕಿ ಕುಳಿತಿದ್ದಾರೆ. ನಡುವಿನವನ ತೊಡೆಯ ಮೇಲೆ ಗಂಬುಸ್ ಎಂಬ ತಂತಿ ವಾದ್ಯ. ಇದರಲ್ಲಿ ಎರಡು ಜಾತಿ. ಅರಬರ ಊದ್ ಇದ್ದಂತೆ ಪಟ್ಟಿಗಳನ್ನು ಜೋಡಿಸಿ ಮಾಡಿದ ದೊಡ್ಡ ಹೊಟ್ಟೆಯದು ಒಂದು. ಒಂದೇ ಮರದ ತುಂಡನ್ನು ಕೊರೆದು ಮುಖಕ್ಕೆ ಚರ್ಮ ಬಿಗಿದ ಮಲಯ ಗಂಬುಸ್ ಇನ್ನೊಂದು. ಆ ಮರ ಯಾವುದು ಗೊತ್ತೇ? ಹೆಚ್ಚಾಗಿ ಹಲಸು. ನಮ್ಮಲ್ಲಿ ವೀಣೆಯನ್ನು ಮಾಡುವುದೂ ಹಲಸಿನ ಮರದಿಂದಲೇ. ಅರಬರು ಯಮನಿನಿಂದ ವಾದ್ಯದ ಆಕಾರವನ್ನು ತಂದರು, ಮಲಯರು ಹಿತ್ತಲಿನ ಹಲಸನ್ನು ಕಡಿದು ಅದಕ್ಕೆ ದೇಹ ಕೊಟ್ಟರು.

ಗಂಬುಸ್‌ನ ಎರಡೂ ಕಡೆ ಮರ್ವಾಸ್ ಹಿಡಿದವರು. ಮರ್ವಾಸ್ ಎಂದರೆ ಅಂಗೈ ಮೇಲೆ ಹಿಡಿಯಬಹುದಾದ, ಎರಡೂ ಬದಿಗೆ ಚರ್ಮ ಬಿಗಿದ ಚಿಕ್ಕ ಚರ್ಮವಾದ್ಯ. ಒಬ್ಬೊಬ್ಬನದು ಒಂದೊಂದು ಪೆಟ್ಟು. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಬಡಿಯಬೇಕು, ಎಲ್ಲ ಸೇರಿದಾಗಲೇ ತಾಳ ಪೂರ್ತಿಯಾಗುವುದು. ಒಬ್ಬನೇ ಎಷ್ಟು ಚೆನ್ನಾಗಿ ಬಡಿದರೂ ಅದು ಝಾಪಿನ್ ತಾಳವಾಗುವುದಿಲ್ಲ. ಮುಂದೆ ಪಿಟೀಲು, ಹಾರ್ಮೋನಿಯಂ, ಅಕಾರ್ಡಿಯನ್ ಕೂಡ ಬಂದು ಸೇರಿಕೊಂಡವು.

ಮೊದಲು ಗಂಬುಸ್ ಒಂದೇ ನುಡಿಯುತ್ತದೆ. ತಾಳವಿಲ್ಲದೆ, ನಿಧಾನವಾಗಿ, ಸ್ವರವನ್ನು ಹುಡುಕುತ್ತ ಹೋದಂತೆ. ಇದಕ್ಕೆ ತಕ್ಸಿಮ್ ಎಂದು ಹೆಸರು. ನಮ್ಮ ಸಂಗೀತದ ಆಲಾಪನೆಯನ್ನು ನೆನಪಿಸುತ್ತದೆ. ಕುಣಿಯುವವರು ಬಂದು ಕುಳಿತು ಅಥವಾ ಬಾಗಿ ಸಭೆಗೆ ವಂದಿಸುತ್ತಾರೆ, ಅನುಮತಿ ಕೇಳುತ್ತಾರೆ. ಇದು ಸಲಾಮ್. ಆಮೇಲೆ ಮರ್ವಾಸ್ ಶುರು, ಹಾಡು ಶುರು. ಸಾಲಾಗಿ ನಿಂತವರು ಮುಂದೆ ಹೋಗಿ ತಿರುಗಿ ಹಿಂದೆ ಬರುತ್ತಾರೆ. ಮೊಣಕಾಲು ಸ್ವಲ್ಪ ಬಾಗಿದೆ, ಪಾದ ಹಗುರ, ಕೈ ಹೆಚ್ಚು ಎತ್ತುವುದಿಲ್ಲ. ಮುಖದಲ್ಲಿ ಗಂಭೀರತೆ ಇದೆ. ಒಂದೊಂದು ಹೆಜ್ಜೆಗುಂಪಿಗೂ ಒಂದು ಹೆಸರುಂಟು, ಅದನ್ನು ರಾಗಮ್ ಎನ್ನುತ್ತಾರೆ. ಹಾಡಿನ ಚರಣ ಮುಗಿದಾಗ ಮರ್ವಾಸ್‌ಗಳೆಲ್ಲ ಒಮ್ಮೆಲೇ ಗಟ್ಟಿಯಾಗಿ ಸಿಡಿಯುತ್ತವೆ. ಅದು ಕೋಪಕ್. ಆಗ ಹೆಜ್ಜೆ ಚುರುಕಾಗುತ್ತದೆ. ಕೂರುವುದು, ಜಿಗಿಯುವುದು, ತಿರುಗುವುದು ನಡೆಯುತ್ತದೆ. ಮತ್ತೆ ಹಾಡು ಬಂದಾಗ ಎಲ್ಲವೂ ಶಾಂತ. ಕೊನೆಯಲ್ಲಿ ತಹ್ತಿಮ್ ಎಂಬ ಬಿರುಸಾದ ಮುಕ್ತಾಯ, ಮತ್ತೆ ಸಭೆಗೆ ವಂದನೆ. ತಕ್ಸಿಮ್, ಮರ್ವಾಸ್, ತಹ್ತಿಮ್ ಎಂಬ ಈ ಹೆಸರುಗಳಲ್ಲೇ ಅರಬಿಯ ವಾಸನೆ ಇದೆ. ರಾಗಮ್ ಎಂಬುದು ನಮ್ಮ ಕಡೆಯಿಂದ ಹೋದ ಪದ. ಸಂಸ್ಕೃತದ ರಾಗವೇ ಅದು. ಕಡಲು ಎಷ್ಟು ಊರುಗಳನ್ನು ಹೊಲಿದಿದೆ ನೋಡಿ.

ಆ ಹೆಜ್ಜೆಗಳಲ್ಲಿ ಒಂದಕ್ಕೆ ‘ಅಲಿಫ್’ ಎಂದು ಹೆಸರು. ಸುಮಾತ್ರದ ರಿಯಾವು ಕಡೆಯಲ್ಲಿ ಇದು ಪ್ರಸಿದ್ಧ. ಅಲಿಫ್ ಅಂದರೆ ಅರಬಿ ಅಕ್ಷರಮಾಲೆಯ ಮೊದಲ ಅಕ್ಷರ, ನೆಟ್ಟಗೆ ನಿಂತ ಒಂದು ಗೆರೆ. ಮದ್ರಸದಲ್ಲಿ ಉಸ್ತಾದರು ಮಗುವಿನ ಕೈ ಹಿಡಿದು ಮೊದಲು ಬರೆಸುವ ಅಕ್ಷರ ಅದು. ಅಲ್ಲಾಹ್ ಎಂಬ ಹೆಸರು ಶುರುವಾಗುವುದೂ ಅದರಿಂದಲೇ. ಕುಣಿಯಲು ಕಲಿಯುವ ಹುಡುಗನೂ ಅಲಿಫ್‌ನಿಂದಲೇ ತೊಡಗುತ್ತಾನೆ. ನೇರ ನಿಲ್ಲು, ನೇರ ಹೆಜ್ಜೆ ಇಡು. ಬಿಎಡ್ ತರಗತಿಯಲ್ಲಿ ನಮಗೆ ಸರಳದಿಂದ ಕಠಿಣಕ್ಕೆ ಹೋಗಬೇಕೆಂದು ಹೇಳಿಕೊಟ್ಟಿದ್ದರು. ಆ ಹಳ್ಳಿಗರಿಗೆ ಅದನ್ನು ಯಾವ ಕಾಲೇಜೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಹಾಡಿನ ಮಾತು. ಝಾಪಿನ್‌ನ ಜೀವ ಇರುವುದು ಕಾವ್ಯದಲ್ಲಿ. ಮೊದಮೊದಲು ಹಾಡುತ್ತಿದ್ದದ್ದು ಅರಬಿ ಖಸೀದಗಳು, ಪ್ರವಾದಿ ಸ್ತುತಿಗಳು. 13ನೆಯ ಶತಮಾನದ ಇಮಾಮ್ ಬೂಸೀರಿಯವರ ಬುರ್ದಾ, 18ನೆಯ ಶತಮಾನದಲ್ಲಿ ಮದೀನಾದ ಜಾಫರ್ ಅಲ್‌ಬರ್ಝಂಜಿಯವರು ಬರೆದ ಮೌಲಿದ್, ಇವು ಮಲಯ ನಾಡಿನ ಮನೆಮನೆಯಲ್ಲೂ ಓದುವ ಕೃತಿಗಳು. ಬುರ್ದಾ ನಮ್ಮ ಕರಾವಳಿಯ ಮಸೀದಿಗಳಿಗೂ ಹೊಸದಲ್ಲ. ಆ ಓದಿನ ಕಿವಿಯೇ ಝಾಪಿನ್ ಹಾಡಿಗೂ ಕಿವಿಯಾಯಿತು.

ಆಮೇಲೆ ಮಲಯ ಭಾಷೆಯೇ ಹಾಡಿನೊಳಗೆ ಬಂತು. ಅದಕ್ಕೂ ಹಿಂದೆ ಒಂದು ದೊಡ್ಡ ಸಿದ್ಧತೆ ನಡೆದಿತ್ತು. ಮಲಯರು ಅರಬಿ ಲಿಪಿಯನ್ನು ತೆಗೆದುಕೊಂಡು ತಮ್ಮ ಭಾಷೆಯ ಚ, ಪ, ಗ, ಙ ಮುಂತಾದ ಧ್ವನಿಗಳಿಗೆ ಹೊಸ ಅಕ್ಷರಗಳನ್ನು ಸೇರಿಸಿ ಜಾವಿ ಎಂಬ ಲಿಪಿ ಮಾಡಿಕೊಂಡರು. ಮಲೇಷ್ಯಾದ ತೆರೆಂಗಾನು ಎಂಬಲ್ಲಿ ಸಿಕ್ಕಿದ, ಸಾಮಾನ್ಯವಾಗಿ 1303ನೆಯ ಇಸವಿಯದೆಂದು ಹೇಳುವ ಶಾಸನ ಈ ಲಿಪಿಯ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದು. ಸುಮಾತ್ರದ ಬಾರುಸ್ ಎಂಬ ಕರ್ಪೂರದ ಬಂದರಿನ ಹೆಸರನ್ನು ಹೊತ್ತ ಸೂಫಿ ಕವಿ ಹಂಝಾ ಫನ್ಸೂರಿಯವರು ಮಲಯ ಭಾಷೆಯಲ್ಲೇ ದೇವಪ್ರೇಮದ ಪದ್ಯಗಳನ್ನು ರಚಿಸಿದರು. ನಾಲ್ಕು ಸಾಲು, ನಾಲ್ಕಕ್ಕೂ ಒಂದೇ ಪ್ರಾಸ. ಆ ಪ್ರಕಾರಕ್ಕೆ ಶಾಯಿರ್ ಎಂದು ಹೆಸರು, ಅರಬಿಯ ಶಿಅರ್ ಎಂಬ ಪದದಿಂದ ಬಂದದ್ದು. ವಿದ್ವಾಂಸರ ಭಾಷೆಯಲ್ಲಿ ಮಾತ್ರ ಹೇಳಬಹುದೆಂದು ಜನ ತಿಳಿದಿದ್ದ ದೊಡ್ಡ ಮಾತುಗಳನ್ನು ಅವರು ಬೆಸ್ತರ, ಬಂದರಿನವರ ಭಾಷೆಯಲ್ಲಿ ಹೇಳಿ ತೋರಿಸಿದರು.

ಇನ್ನೊಂದು ಪ್ರಕಾರ ಪಾಂತುನ್. ಇದು ಮಲಯರ ಮಣ್ಣಿನದೇ. ಇದಕ್ಕೂ ನಾಲ್ಕು ಸಾಲು. ಒಂದನೆಯದಕ್ಕೂ ಮೂರನೆಯದಕ್ಕೂ ಪ್ರಾಸ, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಪ್ರಾಸ. ಮೊದಲ ಎರಡು ಸಾಲಿನಲ್ಲಿ ಹೊಳೆ, ಹಕ್ಕಿ, ಹಣ್ಣು, ದೋಣಿ ಮುಂತಾದ ಕಣ್ಣಿಗೆ ಕಾಣುವ ಚಿತ್ರ. ಹೇಳಬೇಕಾದ ಮಾತು ಬರುವುದು ಕೊನೆಯ ಎರಡು ಸಾಲಿನಲ್ಲಿ. ಬುದ್ಧಿಮಾತು, ವಿರಹ, ಹಾಸ್ಯ, ದೈವಭಕ್ತಿ ಎಲ್ಲಕ್ಕೂ ಇದೇ ಪಾತ್ರೆ. 2020ರಲ್ಲಿ ಯುನೆಸ್ಕೊ ಈ ಪಾಂತುನ್ ಕಾವ್ಯವನ್ನು ಇಂಡೋನೇಷ್ಯಾ ಮತ್ತು ಮಲೇಷ್ಯಾ ಎರಡೂ ದೇಶಗಳ ಜಂಟಿ ಪರಂಪರೆಯಾಗಿ ತನ್ನ ಪಟ್ಟಿಗೆ ಸೇರಿಸಿತು. ಅರಬರ ಹೆಜ್ಜೆಗೆ ಮಲಯರ ಪಾಂತುನ್ ಹೊಂದಿಕೊಂಡಿತು. ‘ಹಳದಿ ದೋಣಿ’ ಎಂಬ ಅರ್ಥದ ‘ಲಂಚಾಂಗ್ ಕೂನಿಂಗ್’ ಎಂಬ ಹಾಡು ರಿಯಾವು ಪ್ರಾಂತ್ಯದಲ್ಲಿ ಚಿಕ್ಕ ಮಕ್ಕಳಿಗೂ ಬರುತ್ತದೆ. ಪ್ರವಾದಿ ಸ್ತುತಿಯ ತಾಳದಲ್ಲೇ ದೋಣಿಯ ಹಾಡು ಕೂಡ ಸಾಗಿತು.

ಇನ್ನು ಅದಬ್. ಈ ಪದಕ್ಕೆ ಕನ್ನಡದಲ್ಲಿ ಶಿಷ್ಟಾಚಾರ, ಮರ್ಯಾದೆ, ಸಂಸ್ಕಾರ ಎಂಬ ಮೂರನ್ನೂ ಸೇರಿಸಿ ಹೇಳಬೇಕು. ಝಾಪಿನ್ ಬಹುಕಾಲ ಗಂಡಸರದೇ ನೃತ್ಯವಾಗಿತ್ತು. ಮುಂದೆ ಹೆಂಗಸರು ಸೇರಿದ ಮೇಲೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ ಎಂಬ ನಿಯಮ ಉಳಿಯಿತು. ಗಂಡಸರಿಗೆ ಬಾಜು ಮೆಲಾಯು ಅಂಗಿ, ಸೊಂಟದ ಸುತ್ತ ನೆಯ್ದ ಬಟ್ಟೆ, ತಲೆಗೆ ಸೊಂಗ್ಕೋಕ್ ಟೋಪಿ. ಹೆಂಗಸರಿಗೆ ಮೈತುಂಬ ಉಡುವ ಬಾಜು ಕುರುಂಗ್. ವಾದ್ಯ, ನೃತ್ಯದ ವಿಷಯದಲ್ಲಿ ಉಲೆಮಾಗಳ ನಡುವೆ ಭಿನ್ನ ಅಭಿಪ್ರಾಯಗಳಿವೆ, ಮಲಯ ನಾಡಿನಲ್ಲೂ ಇವೆ. ಫತ್ವಾ ಕೊಡಲು ನಾವು ಯೋಗ್ಯರಲ್ಲ, ಆ ವಿಷಯದಲ್ಲಿ ಉಸ್ತಾದರು ಹೇಳಿದ್ದನ್ನು ಕೇಳಿ. ನಮ್ಮ ಗಮನ ಸೆಳೆದದ್ದು ಇಷ್ಟೇ: ಆ ಜನ ಸಂತೋಷಕ್ಕೆ ಬಾಗಿಲು ಮುಚ್ಚಲಿಲ್ಲ, ಬಾಗಿಲನ್ನು ಹಾರುಹೊಡೆಯಲೂ ಇಲ್ಲ. ಹೊಸ್ತಿಲು ಕಟ್ಟಿದರು. ಸಲಾಮಿಲ್ಲದೆ ಒಳಗೆ ಬರುವ ಹಾಗಿಲ್ಲ, ವಂದಿಸದೆ ಹೊರಗೆ ಹೋಗುವ ಹಾಗಿಲ್ಲ.

ಆದರೆ ಎಲ್ಲವೂ ಇದ್ದ ಹಾಗೇ ಉಳಿಯಿತೇ? ಇಲ್ಲ. 20ನೆಯ ಶತಮಾನದಲ್ಲಿ ಬಂಗ್ಸಾವಾನ್ ಎಂಬ ಮಲಯ ನಾಟಕ ಕಂಪನಿಗಳು, ನಮ್ಮ ಕಂಪನಿ ನಾಟಕದ ಹಾಗೆ ಊರೂರು ತಿರುಗಿದವು. ಅವರ ರಂಗದ ಮೇಲೆ ಝಾಪಿನ್ ಬಂತು, ಹೆಂಗಸರೂ ಕುಣಿದರು. 1950ರ ದಶಕದಲ್ಲಿ ಸಿಂಗಾಪುರದಲ್ಲಿ ತಯಾರಾದ ಮಲಯ ಸಿನಿಮಾಗಳ ಮೂಲಕ ಝಾಪಿನ್ ಊರಿನಿಂದ ಊರಿಗೆ ಹರಡಿತು. 1971ರಲ್ಲಿ ಮಲೇಷ್ಯಾದಲ್ಲಿ ರಾಷ್ಟ್ರೀಯ ಸಂಸ್ಕೃತಿ ಸಮ್ಮೇಳನ ನಡೆದ ಮೇಲೆ ಸರ್ಕಾರವೂ ಇಂಥ ಕಲೆಗಳಿಗೆ ಬೆಂಬಲ ಕೊಟ್ಟಿತು. ಈಗ ಶಾಲಾ ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ಕಲಿಯುತ್ತಾರೆ, ಸ್ಪರ್ಧೆಗಳು ನಡೆಯುತ್ತವೆ.

ಇದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಲಾಭ ಏನೆಂದರೆ ಕಲೆ ಸಾಯಲಿಲ್ಲ, ಹೆಣ್ಣುಮಕ್ಕಳಿಗೂ ಪಾಲು ಸಿಕ್ಕಿತು. ನಷ್ಟ ಏನೆಂದರೆ, ಹಿಂದೆ ರಾತ್ರಿಯಿಡೀ ನಡೆಯುತ್ತಿದ್ದದ್ದು ವೇದಿಕೆಯ ಮೇಲೆ ಕೆಲವೇ ನಿಮಿಷಕ್ಕೆ ಇಳಿಯಿತು. ಎಲ್ಲರೂ ಒಂದೇ ಮಾದರಿ ಕಲಿತಾಗ ಹಳ್ಳಿಯ ಸ್ವಂತ ಹೆಜ್ಜೆ ಹಿಂದೆ ಸರಿಯುತ್ತದೆ. ಧ್ವನಿಮುದ್ರಿಕೆ ಹಾಕಿ ಕುಣಿದಾಗ ಮರ್ವಾಸ್ ಬಡಿಯುವವನಿಗೆ ಕೆಲಸವಿಲ್ಲ. ಒಂದು ಹಳ್ಳಿಯಲ್ಲಿ ಗಂಬುಸ್ ನುಡಿಸುವ ಒಬ್ಬ ಮುದುಕ ಇದ್ದು, ಅವನ ಮುಂದೆ ಕುಳಿತು ಕಲಿಯುವ ಒಬ್ಬ ಹುಡುಗನೂ ಇಲ್ಲದಿದ್ದರೆ, ನೂರಾರು ವರ್ಷದ ವಿದ್ಯೆ ಒಂದೇ ಜನಾಝಾದೊಂದಿಗೆ ಮಣ್ಣಿಗೆ ಹೋಗುತ್ತದೆ. ನಮ್ಮ ದಫ್ ಹಾಡುಗಳಿಗೂ ಮೊಯ್ಲಾಂಜಿ ಪಾಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಈಗ ನಮ್ಮ ಕರಾವಳಿಗೆ ಬರೋಣ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಅವರ ಹೆಸರನ್ನು ಮಕ್ಕಳು ಇತಿಹಾಸ ಪಾಠದಲ್ಲಿ ಓದಿದ್ದೀರಿ. 1340ರ ದಶಕದಲ್ಲಿ ಅವರು ಹೊನ್ನಾವರಕ್ಕೆ ಬಂದಿದ್ದರು, ಮಂಗಳೂರನ್ನೂ ಕಂಡಿದ್ದರು. ಆಮೇಲೆ 1345ರ ಸುಮಾರಿಗೆ ಕಡಲು ದಾಟಿ ಸುಮಾತ್ರದ ಸಮುದ್ರ ಎಂಬ ಪಟ್ಟಣಕ್ಕೆ ಹೋದರು. ಸುಮಾತ್ರ ಎಂಬ ಹೆಸರೇ ಆ ಪಟ್ಟಣದ ಹೆಸರಿನಿಂದ ಬಂದದ್ದು. ಅಲ್ಲಿಯ ಸುಲ್ತಾನರು ಶಾಫಿಈ ಮಝ್‌ಹಬಿನವರೆಂದೂ, ವಿದ್ವಾಂಸರೊಂದಿಗೆ ಚರ್ಚಿಸುವುದೆಂದರೆ ಅವರಿಗೆ ಪ್ರೀತಿಯೆಂದೂ, ಜುಮಾ ನಮಾಝಿಗೆ ನಡೆದೇ ಹೋಗುತ್ತಿದ್ದರೆಂದೂ ಬರೆದರು. ಹದ್ರಮೌತ್, ನಮ್ಮ ಕರಾವಳಿ, ಮಲಯ ನಾಡು, ಮೂರೂ ಕಡೆ ಇಂದಿಗೂ ಹೆಚ್ಚಾಗಿ ಶಾಫಿಈ ಮಝ್‌ಹಬ್ ಇದೆ. ಒಂದೇ ಗಾಳಿಗೆ ಹಾಯಿ ಬಿಚ್ಚಿದವರು ಇವರೆಲ್ಲ.

ಹೊನ್ನಾವರದ ಬಗ್ಗೆ ಅವರು ಏನು ಬರೆದರು? ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನೂ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಕಂಡೆನೆಂದೂ, ಇಂಥದ್ದನ್ನು ಬೇರೆ ಎಲ್ಲೂ ಕಂಡಿಲ್ಲವೆಂದೂ ಬರೆದರು. ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಹೇಳಿದರು. ಅರ್ಧ ಲೋಕ ಸುತ್ತಿದ ಮನುಷ್ಯ ಬೆರಗಾದದ್ದು ನಮ್ಮ ಉತ್ತರ ಕನ್ನಡದ ಒಂದು ಬಂದರಿನ ಹೆಣ್ಣುಮಕ್ಕಳ ಶಾಲೆಗಳನ್ನು ನೋಡಿ! ಮಗಳನ್ನು ಪಿಯುಸಿಗೆ ನಿಲ್ಲಿಸೋಣ ಎಂದು ಯೋಚಿಸುವ ತಂದೆ ಯಾರಾದರೂ ಈ ಸಭೆಯಲ್ಲಿದ್ದರೆ, ದಯವಿಟ್ಟು ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗಿ. ಹದಿಮೂರು. ಸುಮಾರು 680 ವರ್ಷಗಳ ಹಿಂದೆ. ಹೆಣ್ಣುಮಕ್ಕಳನ್ನು ಓದಿಸುವುದು ಹೊಸ ಕಾಲದ ಹುಚ್ಚು ಎಂದು ಯಾರಾದರೂ ಹೇಳಿದರೆ, ಅವರು ನಮ್ಮ ಪರಂಪರೆಯನ್ನು ಓದಿಲ್ಲ ಎಂದಷ್ಟೇ ಅರ್ಥ.

ಮಕ್ಕಳೇ, ಈಗ ನಿಮಗೆ. ಇಂದು ನಿಮ್ಮ ಕೈಗೆ ಬರುವ ಚೆಕ್ಕು ಯಾರೋ ಬೆವರು ಸುರಿಸಿ ದುಡಿದ ಹಣ. ಗಲ್ಫಿನಲ್ಲಿ ದುಡಿಯುವವರದಿದೆ, ಪೇಟೆಯ ಚಿಕ್ಕ ಅಂಗಡಿಯವರದಿದೆ. ಝಾಪಿನ್ ಕಥೆಯಿಂದ ನೀವು ಮೂರು ಮಾತು ಒಯ್ಯಬೇಕೆಂದು ನಮ್ಮ ಆಸೆ.

ಒಂದು, ಬಂದ ವಿದ್ಯೆಯನ್ನು ನಿಮ್ಮದಾಗಿಸಿಕೊಳ್ಳಿ. ಎಂಜಿನಿಯರಿಂಗ್ ಇರಲಿ, ನರ್ಸಿಂಗ್ ಇರಲಿ, ಬಿಕಾಂ ಇರಲಿ, ಪರೀಕ್ಷೆಗೆ ಉರುಹೊಡೆದು ಮರೆತರೆ ಅದು ಬಂದರಿನಲ್ಲಿ ಒಂದು ರಾತ್ರಿ ನಿಂತು ಹೋದ ಹಡಗಿನಂತೆ. ನಿಮ್ಮ ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ನಿಮ್ಮ ಪಾಠವನ್ನು ವಿವರಿಸಲು ಬಂದರೆ ಮಾತ್ರ ಅದು ನಿಮ್ಮದು. ಮಲಯರು ಅರಬಿ ತಾಳಕ್ಕೆ ತಾಯಿನುಡಿಯ ಪಾಂತುನ್ ಕೂರಿಸಿದ್ದು ಇದನ್ನೇ.

ಎರಡು, ಮರ್ವಾಸ್ ಬಡಿಯುವವರನ್ನು ನೆನಪಿಡಿ. ಒಬ್ಬನ ಪೆಟ್ಟಿನಿಂದ ತಾಳವಾಗುವುದಿಲ್ಲ. ನಿಮ್ಮ ತರಗತಿಯಲ್ಲಿ ಹಿಂದೆ ಬಿದ್ದವನಿಗೆ ಒಂದು ಲೆಕ್ಕ ಹೇಳಿಕೊಡಿ. ನಾಳೆ ನೌಕರಿ ಸಿಕ್ಕಿದ ಮೇಲೆ ಒಂದು ಮಗುವಿನ ಒಂದು ವರ್ಷದ ಶುಲ್ಕ ಕಟ್ಟಿ. ಟ್ರಸ್ಟಿಗೆ ಹಣ ಮರಳಿಸಬೇಕೆಂದು ಯಾರೂ ಕೇಳುವುದಿಲ್ಲ. ಮುಂದಿನವರಿಗೆ ದಾಟಿಸಿ ಎಂದಷ್ಟೇ ನಾವು ಕೇಳುತ್ತೇವೆ.

ಮೂರು, ಒಂದು ಮನೆಗೆಲಸ ಕೊಡುತ್ತೇವೆ. ಮೇಷ್ಟ್ರ ಜಾತಿ, ಹೋಂವರ್ಕ್ ಕೊಡದೆ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ವಯಸ್ಸಾದ ಒಬ್ಬರು ಇದ್ದೇ ಇರುತ್ತಾರೆ. ಉಮ್ಮನ ಉಮ್ಮ ಇರಬಹುದು, ಹಿಂದೆ ದಫ್ ಕಲಿಸುತ್ತಿದ್ದ ಕಾಕ ಇರಬಹುದು. ಅವರ ಮುಂದೆ ಒಂದು ನೋಟುಪುಸ್ತಕ ಹಿಡಿದು ಕುಳಿತುಕೊಳ್ಳಿ. ಅವರಿಗೆ ಬರುವ ಒಂದು ಹಾಡನ್ನು, ಒಂದು ಬೈತನ್ನು, ಮದುವೆಯ ಒಂದು ಪದ್ಧತಿಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕನ್ನಡ ಲಿಪಿಯಲ್ಲಿ ಬರೆದರೂ ಸರಿ. ಯಾರಿಂದ ಕೇಳಿದಿರಿ, ಯಾವ ಊರು, ಯಾವ ದಿನ ಎಂದು ಮೇಲೆ ಬರೆಯಿರಿ. ಮೊಬೈಲಿನಲ್ಲಿ ದನಿ ತುಂಬಿಸಿಕೊಳ್ಳುವುದಾದರೆ ಮೊದಲು ಅವರ ಅನುಮತಿ ಕೇಳಿ. ಝಾಪಿನ್‌ನಲ್ಲಿ ಸಲಾಮ್ ಮೊದಲು, ಹೆಜ್ಜೆ ಆಮೇಲೆ. ಮುಂದಿನ ವರ್ಷದ ಸಭೆಗೆ ನೀವು ನವೀಕರಣದ ಅರ್ಜಿ ತರುವಾಗ ಆ ನೋಟುಪುಸ್ತಕವನ್ನೂ ತನ್ನಿ. ಅಂಕಪಟ್ಟಿಯನ್ನು ಕಚೇರಿಯವರು ನೋಡಲಿ, ನೋಟುಪುಸ್ತಕವನ್ನು ನಾವು ನೋಡುತ್ತೇವೆ.

ತಂದೆ ತಾಯಂದಿರಿಗೆ ಒಂದೇ ಮಾತು. ಮಗು ಇಂಗ್ಲಿಷಿನಲ್ಲಿ ಮಾತಾಡಿದರೆ ಹೆಮ್ಮೆ ಪಡಿ, ತಪ್ಪೇನಿಲ್ಲ. ಆದರೆ ಮನೆಮಾತು ಆಡಿದರೆ ನಾಚಿಕೆಪಡಬೇಡಿ. ಹಂಝಾ ಫನ್ಸೂರಿಯವರು ಬಂದರಿನ ಭಾಷೆಯನ್ನು ನಾಚಿಕೆಯೆಂದು ತಿಳಿದಿದ್ದರೆ ಮಲಯರಿಗೆ ಅವರ ಕಾವ್ಯ ಇರುತ್ತಿರಲಿಲ್ಲ.

 ದಾನಿಗಳ ಗಳಿಕೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಟ್ರಸ್ಟಿನವರ ಸೇವೆಯನ್ನು ಸ್ವೀಕರಿಸಲಿ. ಈ ಮಕ್ಕಳ ವಿದ್ಯೆಯನ್ನು ಅವರಿಗೂ ಅವರ ಊರಿಗೂ ಉಪಯುಕ್ತವಾಗಿಸಲಿ. ನಮಗೆ ಕಲಿಸಿ ತೀರಿಕೊಂಡ ಎಲ್ಲ ಗುರುಹಿರಿಯರ ಖಬರನ್ನು ಬೆಳಗಲಿ. ಆಮೀನ್.